ಗಾಜಿನ ಮೇಲಿನ ಸಕ್ಕರೆ

ಸಕ್ಕರೆ ಇರುವುದೇ ಕಾಫಿಗೆ ಎಂದು ನಂಬಿದ ಜನರ ನಡುವೆ ಸಕ್ಕರೆಯ ಮೇಲೆ ಪಿಎಚ್‌ಡಿ ಮಾಡಲು ಹೊರಟರೆ ದಿನಕ್ಕೊಂದು ರಾಮಾಯಣ ತಪ್ಪಿದ್ದಲ್ಲ. ನಮ್ಮ ಮೈಯ ಜೀವಕೋಶಗಳ ಮೇಲೆ ಬಗೆಬಗೆಯ ಸಕ್ಕರೆಗಳಿರುತ್ತವೆ. ವೈರಸ್ ಒಳನುಗ್ಗುವ ಮುಂಚೆ ಅವುಗಳಲ್ಲೊಂದನ್ನು ಹಿಡಿದುಕೊಳ್ಳುತ್ತದೆ. ಯಾವುದನ್ನು? ಅದನ್ನು ತಿಳಿಯಲು ನೂರಾರು ಸಕ್ಕರೆಗಳನ್ನು ಚುಕ್ಕಿಚುಕ್ಕಿಯಾಗಿ ಅಂಟಿಸಿದ ಗಾಜಿನ ಸ್ಲೈಡೊಂದನ್ನು ವಿದೇಶದಿಂದ ತರಿಸಿದ್ದೆ. ಇದ್ದದ್ದು ಒಂದೇ. ನನ್ನ ಪಿಎಚ್‌ಡಿ ನಿಂತಿದ್ದೂ ಅದರ ಮೇಲೇ.

೧. ಪಾರ್ಸೆಲ್ ಸಾಹೇಬರು

ಶಿವಾಜಿನಗರದ ಪಾರ್ಸೆಲ್ ಕಚೇರಿಯ ಅಧಿಕಾರಿ ಸ್ಲೈಡಿನ ಡಬ್ಬ ಹಿಡಿದು, "ಏನಮ್ಮಾ ಇದು?" ಎಂದರು.

"ಸಕ್ಕರೆ ಸರ್. ವೈರಸ್ ಪರೀಕ್ಷೆಗೆ."

ವೈರಸ್ ಎಂದದ್ದೇ ತಡ, ಕುರ್ಚಿ ಹಿಂದೆ ಸರಿಯಿತು.

"ಒಳಗೆ ವೈರಸ್ ಇಲ್ಲ ಸರ್, ಬರೀ ಸಕ್ಕರೆ."

ಅವರಿಗೆ ಧೈರ್ಯ ಬಂತು. ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು.

"ಸದ್ದೇ ಇಲ್ಲವಲ್ಲಮ್ಮಾ! ಯಾರೋ ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ."

೨. ಓನರ್ ಆಂಟಿ

ಅಂದು ಲ್ಯಾಬ್ ಮುಚ್ಚಿತ್ತು. ಲಿಂಗರಾಜಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಆಂಟಿಯನ್ನು ಬೇಡಿಕೊಂಡು, ತಂಪಾಗಿಡಬೇಕಿದ್ದ ಡಬ್ಬವನ್ನು ಅವರ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಅದು ಒಲೆಯ ಪಕ್ಕದಲ್ಲಿ, ನೀರು ತುಂಬಿದ ತಟ್ಟೆಯ ನಡುವೆ, ಲೋಟದ ಮೇಲೆ ಕೂತಿದೆ!

"ಆಂಟೀ, ಯಾಕೆ ತೆಗೆದ್ರಿ?"

"ಸಕ್ಕರೆ ಅಂದ್ಯಲ್ಲ, ಫ್ರಿಜ್ಜಲ್ಲಿ ತೇವ ಹಿಡಿಯಲ್ವಾ?"

"ಮತ್ತೆ ಸುತ್ತ ನೀರು?"

"ಇರುವೆ ಮುತ್ತಿದ್ರೆ ಆಮೇಲೆ ನನ್ನೇ ಬೈತೀಯ. ಓದಿದ್ದೀಯ ಅಷ್ಟೇ, ಅಡುಗೆಮನೆ ಗೊತ್ತಿಲ್ಲ ನಿಂಗೆ."

ಪುಣ್ಯಕ್ಕೆ ಡಬ್ಬದ ಸೀಲ್ ಗಟ್ಟಿಯಾಗಿತ್ತು.

೩. ನಮ್ಮ ಪ್ರೊಫೆಸರು

ಇವರಿಬ್ಬರೂ ಓದದವರ ಲೆಕ್ಕ ಎನ್ನೋಣ. ಓದಿದವರ ಕಥೆ ಕೇಳಿ. ವೈರಸ್ಸಿನ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಿ, ಸ್ಲೈಡಿನ ಮೇಲೆ ಸುರಿದು, ತೊಳೆದಿಟ್ಟೆ. ಪ್ರೋಟೀನು ಅಂಟಿದ ಚುಕ್ಕಿ ಮಾತ್ರ ಹೊಳೆಯಬೇಕು. ಅಷ್ಟರಲ್ಲಿ ಆಯುಧಪೂಜೆ ಬಂತು. ರಜೆ ಮುಗಿದ ಮೇಲೆ ಪ್ರೊಫೆಸರೇ ಮುಂದಾಗಿ ಸ್ಲೈಡನ್ನು ಹೊಳಪು ಅಳೆಯುವ ಯಂತ್ರಕ್ಕೆ ಹಾಕಿದರು. ಪರದೆಯಲ್ಲಿ ಒಂದೇ ಕಡೆ ಧಗಧಗ ಬೆಳಕು!

"ನೋಡಮ್ಮಾ, ಹೇಗೆ ಅಂಟಿದೆ!" ಎಂದು ಕುಣಿದಾಡಿ, ಇಡೀ ವಿಭಾಗಕ್ಕೆ ಕಾಫಿ ಹೇಳಿದರು.

ಆದರೆ ಆ ಜಾಗದಲ್ಲಿ ಸಕ್ಕರೆಯ ಚುಕ್ಕಿಯೇ ಇರಲಿಲ್ಲ. ಸ್ಲೈಡ್ ತೆಗೆದು ತಿರುಗಿಸಿದೆ. ಬೆನ್ನಿಗೆ ಕುಂಕುಮದ ಬೊಟ್ಟು! ಯಂತ್ರದಲ್ಲಿ ಹೊಳೆದದ್ದು ಅದರ ಬಣ್ಣ.

"ಸರ್, ಇದಕ್ಕೂ ಪೂಜೆ ಮಾಡಿದ್ರಾ?"

"ಮತ್ತೆ? ಲ್ಯಾಬಲ್ಲಿ ಇದಕ್ಕಿಂತ ದೊಡ್ಡ ಆಯುಧ ಯಾವುದಿದೆ?"

"ಪ್ರಯೋಗವೇ ಕೆಟ್ಟೋಯ್ತಲ್ಲ ಸರ್!" ನನಗೆ ಸಿಟ್ಟು, ಅಳು ಒಟ್ಟಿಗೇ ಬಂದವು.

ಅವರು ನನಗಿಂತ ಜೋರಾಗಿ ರೇಗಿದರು: "ಯಾರಿಗೆ ಹೇಳ್ತಿದ್ದೀಯಮ್ಮಾ? ಗ್ಲೌಸ್ ಹಾಕ್ಕೊಂಡೇ ಇಟ್ಟಿದ್ದು!"