ಪೈನ್ ಕಡ್ಡಿ ಕಿತ್ತು ನೋಡುವುದರ ನಿಷೇಧ

ಸಸಿ ಸಂವರ್ಧನಾ ಶಾಖೆ, ಕಟ್ಟಾಯ ಕ್ಯಾಂಪ್, ಹಾಸನ ತಾಲ್ಲೂಕು
ಸಂಖ್ಯೆ: ಸಸಂಶಾ/ಪೈನ್/ಬೇರು-ಇಲ್ಲ/2024-25

ವಿಷಯ: ಕಡ್ಡಿಯಿಂದ ಪೈನ್ ಸಸಿ ಬೆಳೆಸುವ ಪ್ರಯೋಗದಲ್ಲಿ ಸಿಬ್ಬಂದಿಯ ಆತುರ ಹಾಗೂ ಕಾವಲುಗಾರ ದೇವಯ್ಯನವರ ನೌಕರಿ.

ಉಲ್ಲೇಖ: ಒಂದು ಕಡ್ಡಿಯಾದರೂ ಬೇರು ಬಿಡದಿದ್ದಲ್ಲಿ ತಿಂಗಳ ಕೊನೆಗೆ ಕಾವಲುಗಾರರನ್ನು ಕೈಬಿಡುವಂತೆ ಮೇಲಿನ ಕಚೇರಿಯ ಆದೇಶ.

ನಾಲ್ಕು ತಾಲ್ಲೂಕುಗಳ ಸಿಬ್ಬಂದಿ ತಂತಮ್ಮ ಊರಿನ ಅಭಿಮಾನದಿಂದ ಕಡ್ಡಿ ನೆಡಲು ನಾಲ್ಕು ಟ್ರೇ ತುಂಬಿರುತ್ತಾರೆ: ಹೊಳೆನರಸೀಪುರದವರು ಹೊಳೆಮರಳು, ಚನ್ನರಾಯಪಟ್ಟಣದವರು ತೆಂಗಿನ ನಾರಿನ ಪುಡಿ, ಅರಕಲಗೂಡಿನವರು ಸುಟ್ಟ ಭತ್ತದ ಹೊಟ್ಟು, ಹಾಸನದವರು ಕೆಮ್ಮಣ್ಣು. ಯಾರ ಕಡ್ಡಿ ಮೊದಲು ಬೇರು ಬಿಟ್ಟಿತೆಂದು ತಿಳಿಯಲು ಎಲ್ಲರೂ ದಿನವೂ ಎಲ್ಲವನ್ನೂ ಕಿತ್ತು ನೋಡಿ ಮತ್ತೆ ನೆಡುತ್ತಿರುವುದರಿಂದ, ಯಾವುದೂ ಬೇರು ಬಿಟ್ಟಿರುವುದಿಲ್ಲ. ಈ ಬಗ್ಗೆ ವಿಚಾರಿಸಲಾಗಿ ದೇವಯ್ಯನವರು, “ಕೀಳ್ಬ್ಯಾಡಿ ಅಂದ್ರೆ ಯಾರ್ ಕೇಳ್ತಾರೆ ಸಾ? ಹಸೆ ಮ್ಯಾಲೆ ಕೂತಿರೋ ಹೆಣ್ಣಿಗೆ ಮಗ ಎಲ್ಲಿ ಅಂತ ಕೇಳ್ದಂಗಾಯ್ತು” ಎಂದಿರುತ್ತಾರೆ. ಸದರಿ ಹೇಳಿಕೆಯನ್ನು ಕಡತದಲ್ಲಿ ಇರಿಸಲಾಗಿದೆ.

ಆದ್ದರಿಂದ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಕಡ್ಡಿಯನ್ನು ಯಾರೂ ಕೀಳತಕ್ಕದ್ದಲ್ಲ. ಅಧಿಕಾರಿಗಳು ಕಿತ್ತಲ್ಲಿ ಅದನ್ನು ಪರಿವೀಕ್ಷಣೆ ಎಂದು ಭಾವಿಸತಕ್ಕದ್ದು.

2. ಬುಡವನ್ನು ಬೆರಳಿನಿಂದ ಕೆದಕುವುದು, ಟ್ರೇ ಎತ್ತಿ ಅಡಿಯಿಂದ ಇಣುಕುವುದು, “ಸುಮ್ನೆ ಮುಟ್ದೆ ಅಷ್ಟೆಯ” ಎನ್ನುವುದು, ಇವೆಲ್ಲವೂ ಕಿತ್ತಂತೆಯೇ.

3. ಪಕ್ಕದ ಟ್ರೇ ಒಣಗಲೆಂದು ಶ್ರೀ ಶಶಿಕುಮಾರ್ (ಅರಕಲಗೂಡು) ಅವರು ಹರಕೆ ಹೊರುವುದನ್ನು ಕಚೇರಿ ವೇಳೆಯ ನಂತರಕ್ಕೆ ಇಟ್ಟುಕೊಳ್ಳತಕ್ಕದ್ದು.

4. ಕೀಳುವಾಗ ಚೆಲ್ಲಿದ ಮರಳು, ನಾರು, ಹೊಟ್ಟು, ಮಣ್ಣನ್ನು ಗುಡಿಸಿ ತುಂಬಿದ್ದ ಒಡಕು ಬಕೆಟ್ಟಿನಲ್ಲಿ ಯಾರೋ ಸಿಕ್ಕಿಸಿ ಮರೆತ ಕಡ್ಡಿಯೊಂದಿದ್ದು, ಅದರ ಬೇರು ಬಕೆಟ್ಟಿನ ಬಿರುಕಿನಿಂದ ಹೊರಬಂದಿರುವುದು ನಿನ್ನೆ ಕಂಡುಬಂದಿದೆ. ಅದು ಯಾವ ತಾಲ್ಲೂಕಿನದೂ ಅಲ್ಲದ ಕಾರಣ ಯಾರೂ ಕಿತ್ತಿರಲಿಲ್ಲ. ಕಚೇರಿಗೆ ಬಹಳ ಸಂತೋಷವಾಗಿದೆ.

5. ಕಸದ ಬಕೆಟ್ಟು ಪ್ರಯೋಗಕ್ಕೆ ಸೇರಿಲ್ಲವೆಂಬ ಲೆಕ್ಕಶಾಖೆಯ ಆಕ್ಷೇಪಣೆಯನ್ನು ಪರಿಶೀಲಿಸಿ, ಸದರಿ ಬಕೆಟ್ಟನ್ನು ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ ಐದನೇ ಟ್ರೇ ಎಂದು ಘೋಷಿಸಲಾಗಿದೆ. ಅದರ ಮೇಲೆ ಯಾವ ತಾಲ್ಲೂಕೂ ಹಕ್ಕು ಸಾಧಿಸತಕ್ಕದ್ದಲ್ಲ.

6. ಈ ಬಕೆಟ್ಟಿಗೆ ಮಾತ್ರ ಪರಿವೀಕ್ಷಣೆಯೂ ಇರುವುದಿಲ್ಲ. ಇದು ಕೆಳಗೆ ಸಹಿ ಮಾಡಿರುವವರಿಗೂ ಅನ್ವಯಿಸುತ್ತದೆ.

ಸಹಿ/-
ಷಡಕ್ಷರಿ, ಅಧೀಕ್ಷಕರು
(ಕೈ ಮಣ್ಣಾಗಿದ್ದ ಕಾರಣ ಸಹಿ ಮಸುಕಾಗಿದೆ)

ಪ್ರತಿಗಳು:
ನಾಲ್ಕೂ ತಾಲ್ಲೂಕುಗಳ ಸಿಬ್ಬಂದಿಗೆ, ಕೈಕಟ್ಟಿಕೊಂಡು ಓದಲು.
ಮೇಲಿನ ಕಚೇರಿಗೆ, ಬಿರುಕಿನ ಫೋಟೋ ಸಹಿತ.
ಶ್ರೀ ದೇವಯ್ಯನವರಿಗೆ: ಒಂದನೇ ತಾರೀಖಿನಿಂದ ಎಂದಿನಂತೆ ಕೆಲಸಕ್ಕೆ ಬರುವುದು. ತಾವು ಬಾರದಿದ್ದಲ್ಲಿ ನಾವೆಲ್ಲ ಸೇರಿ ಬಕೆಟ್ಟಿನ ಕಡ್ಡಿಯನ್ನೂ ಕಿತ್ತು ನೋಡುವ ಸಂಭವವಿರುತ್ತದೆ.