ನಾಬಿಗೊಂದು ಬೊಟ್ಟು

ಈ ದಸರೆಯೊಳಗೆ ನಮ್ಮ ಮನೆಯ ಸದ್ದನ್ನು ನನ್ನ ಬೆರಳ ತುದಿಗೆ ತಂದುಕೊಳ್ಳದಿದ್ದರೆ ನನ್ನ ಹೆಸರು ನಂದೀಶನೇ ಅಲ್ಲ ಎಂದು ನಾನು ಘೋಷಿಸಿದಾಗ ಕೇಳಲು ಇದ್ದದ್ದು ಇಬ್ಬರೇ. ಹೆಂಡತಿ ಮೇಧಾ ಮೊಬೈಲಿನಿಂದ ತಲೆ ಎತ್ತಲಿಲ್ಲ. ನನ್ನ ಅವ್ವ ಗಿರಿಜಮ್ಮ ಮಾತ್ರ, "ಹಂಗಾರೆ ಇನ್ಮೇಲೆ ಏನಂತ ಕರಿಬೇಕಪ್ಪ ನಿನ್ನ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹುರುಳಿಕಾಯಿಯ ನಾರು ತೆಗೆಯುವುದನ್ನು ಮುಂದುವರಿಸಿದಳು. ಮಹಾಪ್ರತಿಜ್ಞೆಗಳಿಗೆ ಈ ಕಾಲದಲ್ಲಿ ಇಷ್ಟೇ ಮರ್ಯಾದೆ!

ನಾನು ಸುಮ್ಮನೆ ಕೂರುವ ಪ್ರಾಣಿಯಲ್ಲ. ಟೀವಿ ನೋಡುವಾಗಲೂ ನನ್ನ ಕೈ ಹೋಮ್ ಥಿಯೇಟರಿನ ರಿಸೀವರ್ ಮೇಲೇ ಇರಬೇಕು. ಮಾತು ಸಣ್ಣಗಾದರೆ ಏರಿಸಬೇಕು, ಹೊಡೆದಾಟ ಬಂದರೆ ಇಳಿಸಬೇಕು, ಇಳಿಸಿದ್ದು ಜಾಸ್ತಿಯಾಯಿತೇನೋ ಎಂದು ಮತ್ತೆ ಏರಿಸಬೇಕು. ಈ ಚಟಕ್ಕೆ ಆಗಲೇ ಎರಡು ಬಾಡಿಗೆ ಮನೆ ಬಲಿಯಾಗಿವೆ. ವಿಜಯವಾಡದ ಯಜಮಾನರು ಮಹಾ ಮರ್ಯಾದಸ್ಥರು. ನಿಮ್ಮಂಥ ರಸಿಕರಿಗೆ ನಮ್ಮ ಮನೆ ಚಿಕ್ಕದಾಯಿತು, ಬೇರೆ ನೋಡಿಕೊಳ್ಳಿ ಎಂದರು. ಔಷಧ ಕಂಪನಿ ನನ್ನನ್ನು ವಿಶಾಖಪಟ್ಟಣಕ್ಕೆ ಎತ್ತಿಹಾಕಿದ ಮೇಲೆ ಹಿಡಿದ ಗಾಜುವಾಕದ ಮನೆಯವರು ಅಷ್ಟೆಲ್ಲ ಸುತ್ತಿಬಳಸಲಿಲ್ಲ. ನನ್ನ ಸ್ಪೀಕರಿನ ಗುಡುಗಿಗೆ ಅವರ ಅಟ್ಟದಿಂದ ಇಡ್ಲಿ ಪಾತ್ರೆ ಉರುಳಿಬಿದ್ದಿತ್ತು. ನಜ್ಜುಗುಜ್ಜಾದ ಆ ಪಾತ್ರೆಯನ್ನು ಹಿಡಿದುಕೊಂಡೇ ಮೇಲೆ ಬಂದು ಗೇಟಿನ ಕಡೆ ತೋರಿಸಿದರು.

ಮೂರನೆಯದು ಅದೇ ಊರಿನ ಎಂವಿಪಿ ಕಾಲೋನಿಯ ಈ ಮನೆ. ಕೆಳಗೆ ಯಜಮಾನತಿ ಅನಸೂಯಾ ಗಾರು, ನಿವೃತ್ತ ಹೆಡ್ ಮಿಸ್ಟ್ರೆಸ್; ಜೊತೆಗೆ ಕೋಚಿಂಗಿಗೆ ಹೋಗುವ ಮೊಮ್ಮಗಳು ಅಕ್ಷಯಾ. ಮೇಲೆ ನಾವು. ಮೇಧಾ ಲ್ಯಾಬಿನಲ್ಲಿ ಕೆಲಸ ಮಾಡುವ ಆಸ್ಪತ್ರೆ ನಡೆದುಹೋಗುವಷ್ಟು ಹತ್ತಿರ. ಸಾಮಾನು ಇಳಿಸಿದ ದಿನವೇ ಅವಳು ನನ್ನನ್ನು ಕೂರಿಸಿ ಹೇಳಿದ್ದಳು: "ಇದೂ ಹೋದ್ರೆ ನಾನು ಹಾಸ್ಟೆಲ್ಲಿಗೆ ಹೋಗ್ತೀನಿ, ಅತ್ತೆ ಹರಿಹರಕ್ಕೆ ಹೋಗ್ತಾರೆ. ನೀವು ನಿಮ್ಮ ಡಬ್ಬ ತಗೊಂಡು ಋಷಿಕೊಂಡ ಬೀಚಿಗೆ ಹೋಗಿ. ಅಲ್ಲಿ ಸಮುದ್ರಕ್ಕೆ ಸೌಂಡ್ ಕೊಟ್ಕೊಂಡಿರಿ."

ಹೀಗೆ ಹುಟ್ಟಿದ್ದು ಬೊಟ್ಟಿನ ಒಪ್ಪಂದ. ಮೇಧಾ ತನ್ನ ಹಣೆಬೊಟ್ಟಿನ ಹಾಳೆಯಿಂದ ಒಂದು ಕೆಂಪು ಬೊಟ್ಟು ಕಿತ್ತು ರಿಸೀವರಿನ ಸದ್ದು ತಿರುಗಿಸುವ ಗುಂಡಿಗೆ, ಅಂದರೆ ನಾಬಿಗೆ ಅಂಟಿಸಿದಳು, ಇನ್ನೊಂದನ್ನು ಪಕ್ಕದ ತಗಡಿಗೆ. ಎರಡೂ ಬೊಟ್ಟು ಎದುರುಬದುರಾದರೆ ಅಲ್ಲಿಗೆ ಗಡಿ. ಅಡುಗೆಮನೆಯಿಂದ ಒಮ್ಮೆ ಕತ್ತು ಹೊರಳಿಸಿದರೆ ಸಾಕು, ನಾನು ಎಷ್ಟು ಅತಿಕ್ರಮಣ ಮಾಡಿದ್ದೇನೆಂದು ಅವಳಿಗೆ ಗೊತ್ತಾಗುತ್ತಿತ್ತು. ದಿನಾ ಸಂಜೆ ಅವ್ವನ ಕನ್ನಡ ಧಾರಾವಾಹಿ ಆ ಬೊಟ್ಟಿನ ಅಳತೆಯಲ್ಲೇ ಅಳುತ್ತಿತ್ತು. ಕೆಳಗಿನಿಂದ ಒಂದು ದೂರೂ ಬರಲಿಲ್ಲ.

ಆದರೆ ನನಗೆ ಸಮಾಧಾನವಿದ್ದರೆ ತಾನೇ? ಹಳೆಯ ನಾಬಿನೊಳಗೆ ಧೂಳು ಸೇರಿ, ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಸಣ್ಣ ಸದ್ದಿನಲ್ಲಿ ಬಲಗಡೆ ಸ್ಪೀಕರ್ ಮಾತಾಡಿದಷ್ಟು ಎಡಗಡೆಯದು ಮಾತಾಡುತ್ತಿರಲಿಲ್ಲ. ಧಾರಾವಾಹಿಯ ಅತ್ತೆ ಬಲಕ್ಕೆ ನಿಂತರೆ ಗರ್ಜನೆ, ಎಡಕ್ಕೆ ಬಂದರೆ ಗೊಣಗಾಟ! ಆ ಪ್ರತಿಜ್ಞೆಯ ಮೂಲ ಇದೇ. ಹಬ್ಬದ ಆಫರ್ ಬಂದದ್ದೇ ತಡ, ಡಿಜಿಟಲ್ ವಾಲ್ಯೂಮಿನ ಹೊಸ ರಿಸೀವರ್ ಮನೆಗೆ ಬಂತು. ಹಳೆಯದು ಅಟ್ಟ ಸೇರಿತು.

ಉದ್ಘಾಟನಾ ಭಾಷಣ ನನ್ನದೇ. ಹಳೆಯ ನಾಬು ತಾನೇ ಕೈಯಾರೆ ಸದ್ದಿನ ಕತ್ತು ಹಿಸುಕುತ್ತಿತ್ತು. ಈ ನಾಬು ಹಾಗಲ್ಲ, ಒಳಗಿರುವ ಎಲೆಕ್ಟ್ರಾನಿಕ್ ಚಿಪ್ಪಿಗೆ ಸ್ವಲ್ಪ ಏರಿಸು, ಸ್ವಲ್ಪ ಇಳಿಸು ಎಂದು ಅರ್ಜಿ ಕೊಡುತ್ತದೆ ಅಷ್ಟೆ, ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ವಿವರಿಸಿದೆ. ಮೇಧಾ ಪರದೆಯ ಮೇಲಿನ ಅಂಕಿ ನೋಡಿ ಕೇಳಿದಳು.

"ಮೈನಸ್ ನಲವತ್ತೆಂಟು ಅಂತಿದೆ. ಅಂದ್ರೆ ಸದ್ದೇ ಇಲ್ಲ ಅನ್ನೋದಕ್ಕಿಂತ ಕಡಿಮೆನಾ?"

"ಅದು ಡೆಸಿಬಲ್ ಲೆಕ್ಕ ಮಾರಾಯ್ತಿ. ಸೊನ್ನೆ ಅಂದ್ರೆ ಪೂರ್ತಿ ಜೋರು. ಮೈನಸ್ ಜಾಸ್ತಿ ಆದಷ್ಟೂ ಮೆತ್ತಗೆ."

"ಸೊನ್ನೆ ಅಂದ್ರೆ ಜೋರಾ? ನಿಮ್ಮ ಸಂಬಳಕ್ಕೂ ಇದೇ ಲೆಕ್ಕ ಇದ್ದಿದ್ರೆ ಚೆನ್ನಾಗಿತ್ತು."

ನಾನು ಕೇಳಿಸದವನಂತೆ ನಾಬನ್ನು ಗಿರ್ರನೆ ತಿರುಗಿಸಿ ತೋರಿಸಿದೆ. ಹಳೆಯದರಂತೆ ಎರಡು ತುದಿಗೆ ಬಂದು ನಿಲ್ಲುವ ಪೈಕಿ ಅಲ್ಲ, ಇದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂದೆ. ಆ ಮಾತಿಗೆ ಅವ್ವ ಭಕ್ತಿಯಿಂದ ಕೈ ಮುಗಿದಳು. "ಹಂಗಾರೆ ಬೊಟ್ಟು ಇಡಲೇಬೇಕಲ್ಲಪ್ಪ" ಎಂದು, ಮೈನಸ್ ನಲವತ್ತೆಂಟಕ್ಕೆ ನಿಲ್ಲಿಸಿದ್ದ ನಾಬಿನ ನೆತ್ತಿಗೆ ಒಂದು ಬೊಟ್ಟು ಅಂಟಿಸಿಯೂಬಿಟ್ಟಳು. ಡಿಜಿಟಲ್ ಯಂತ್ರಕ್ಕೆ ಬೊಟ್ಟು ಎಂದು ನಾನು ಹೊಟ್ಟೆ ಹಿಡಿದು ನಕ್ಕೆ. ಆ ನಗು ನೆನಪಿರಲಿ.

ಆ ಮೈನಸ್ ನಲವತ್ತೆಂಟಕ್ಕೆ ಮನೆ ಧ್ಯಾನಮಂದಿರದಂತೆ ಸ್ತಬ್ಧವಾಯಿತು. ಧಾರಾವಾಹಿ ಕೇಳಬೇಕೆಂದರೆ ಅವ್ವ ಕುರ್ಚಿಯನ್ನು ಟೀವಿಯ ಮೂಗಿನ ಹತ್ತಿರ ಎಳೆದುಕೊಳ್ಳಬೇಕಾಗಿತ್ತು. ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ದಿನ ಮೆಟ್ಟಿಲ ಹತ್ತಿರ ಅನಸೂಯಾ ಗಾರು ನನ್ನನ್ನು ನಿಲ್ಲಿಸಿ, "ಈ ಮಧ್ಯ ಮೀ ಇಂಟ್ಲೋ ಚಪ್ಪುಡೇ ಲೇದಂಡಿ" ಎಂದರು. ನಮ್ಮ ಮನೆಯಲ್ಲಿ ಸದ್ದೇ ಇಲ್ಲವಂತೆ! ನಾನು ಎದೆಯುಬ್ಬಿಸಿದೆ. ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ. ಮನೆಯ ಅಗ್ರಿಮೆಂಟ್ ಮುಗಿಯುತ್ತಾ ಬಂದಿದೆ, ಭಾನುವಾರ ಮೇಲೆ ಬರುತ್ತೇನೆ, ಸ್ವಲ್ಪ ಮಾತಾಡುವುದಿದೆ ಎಂದು ಹೇಳಿ ಒಳಗೆ ಹೋದರು.

ಕಳೆದ ಸಲ ಅಗ್ರಿಮೆಂಟಿಗೆ ಗೇಟಿನ ಬಳಿಯೇ ಸಹಿ ಮಾಡಿಸಿಕೊಂಡಿದ್ದವರು ಈ ಸಲ ಮೇಲೆ ಬರುವುದೆಂದರೆ? ನನಗೆ ಆ ವಾರ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನಲ್ಲಿ ಮಾತ್ರೆಗಳ ಸ್ಯಾಂಪಲ್ಲಿಗೆ ತಪ್ಪು ಚೀಟಿ ಅಂಟಿಸಿ ಬೈಸಿಕೊಂಡೆ. ಮೇಧಾ ಬೈಯಲಿಲ್ಲ. ಅಟ್ಟದ ಮೇಲಿನ ಖಾಲಿ ರಟ್ಟಿನ ಡಬ್ಬಗಳನ್ನು ಸುಮ್ಮನೆ ನೋಡುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು.

ಭಾನುವಾರ ಬೆಳಗ್ಗೆ ನಾನು ಯುದ್ಧಕ್ಕೆ ಸಿದ್ಧನಾದೆ. ಒಳ್ಳೆಯ ಸದ್ದು ಬರಬೇಕಾದರೆ ರಿಸೀವರ್ ಗಂಟೆಗಟ್ಟಲೆ ಬೆಚ್ಚಗಾಗಬೇಕೆಂದು ಇಂಟರ್ನೆಟ್ಟಿನ ಪಂಡಿತರು ಬರೆದಿದ್ದರು. ಏಳುತ್ತಲೇ ಆನ್ ಮಾಡಿಟ್ಟೆ. ಅಂಕಿ ತೋರಿಸುವ ದೀಪವೂ ಸದ್ದನ್ನು ಕೆಡಿಸುತ್ತದೆಂದು ಬರೆದಿದ್ದರು, ಅದನ್ನೂ ಆರಿಸಿದೆ. ಲೈಟಿಲ್ಲದೆ ಎಷ್ಟಿದೆ ಅಂತ ಹೆಂಗೆ ಗೊತ್ತಾಗುತ್ತೆ ಎಂದು ಮೇಧಾ ಕೇಳಿದಳು. ನಾನಿದ್ದೇನಲ್ಲ ಎಂದು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅವ್ವ ಒದ್ದೆ ಬಟ್ಟೆ ಹಿಡಿದು ಟೀವಿ, ಮೇಜು, ರಿಸೀವರ್ ಎಲ್ಲವನ್ನೂ ಫಳಫಳ ಹೊಳೆಯುವಂತೆ ಒರೆಸಿಟ್ಟಿದ್ದಳು.

ಅನಸೂಯಾ ಗಾರು ಬಂದರು. ಸೋಫಾದಲ್ಲಿ, ನಾನು ರಿಸೀವರಿನ ರಿಮೋಟ್ ಎಸೆದಿದ್ದ ಜಾಗದಲ್ಲೇ, ಸರಿಯಾಗಿ ಅದರ ಮೇಲೇ ಕೂತರು. ಹೇಳುವ ಹಾಗಿಲ್ಲ. ಕಾಫಿ ಕುಡಿದರು, ಅವ್ವನ ಮಂಡಿನೋವು ವಿಚಾರಿಸಿದರು, ಕಿಟಕಿ ನೋಡಿದರು. ಆಮೇಲೆ ಸಂಕೋಚದಿಂದ, "ಒಕ್ಕಸಾರಿ ಟೀವಿ ಪೆಟ್ಟಂಡಿ" ಎಂದರು.

ಒಮ್ಮೆ ಟೀವಿ ಹಾಕಬೇಕಂತೆ. ಇದು ಪರೀಕ್ಷೆ! ನಮ್ಮ ಸದ್ದನ್ನು ಖುದ್ದಾಗಿ ಅಳೆಯಲು ಬಂದಿದ್ದಾರೆ! ನಾನು ನಾಬಿನ ಕಡೆ ನೋಡಿದೆ. ಬೊಟ್ಟು ನೆತ್ತಿಯ ಮೇಲೆ, ಇರಬೇಕಾದಲ್ಲೇ ಇತ್ತು. ಅಡುಗೆಮನೆ ಬಾಗಿಲಿನಿಂದ ಮೇಧಾಳೂ ಅದನ್ನೇ ನೋಡಿ ತಲೆಯಾಡಿಸಿದಳು. ಹೊಟ್ಟೆ ಹಿಡಿದು ನಕ್ಕಿದ್ದ ನಾನು ಆ ಗಳಿಗೆಯಲ್ಲಿ ಆ ಬೊಟ್ಟನ್ನು ಕಣ್ಣುಮುಚ್ಚಿ ನಂಬಿದೆ. ಟೀವಿಯ ಸ್ವಿಚ್ಚು ಒತ್ತಿದೆ.

ಅವ್ವನ ಧಾರಾವಾಹಿಯ ಮರುಪ್ರಸಾರ. ತೆರೆಯ ಮೇಲೆ ಅತ್ತೆ, ಎದುರಿಗೆ ಸೊಸೆ. ಅತ್ತೆ ಉಸಿರೆಳೆದುಕೊಂಡಳು.

"ಎದ್ದು ನಡಿ ಈ ಮನೆಯಿಂದ!"

ಕಿಟಕಿಯ ಗಾಜು ನಡುಗಿತು. ಕಾಫಿ ಲೋಟ ಮೇಜಿನ ಮೇಲೆ ತಾನೇ ನಡೆಯತೊಡಗಿತು. ಮೂರು ಸಲ ಸೊಸೆಯ ಮುಖ ತೋರಿಸುತ್ತಾ ಮೂರು ಸಲ ಧಡಾರ್ ಎಂದು ಬಾರಿಸಿದ ನಗಾರಿಗೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಉತ್ತರ ಕೊಟ್ಟವು. ನಾನು ಹಾರಿ ಹೋಗಿ ನಾಬನ್ನು ಎಡಕ್ಕೆ ತಿರುಗಿಸಿದೆ. ತುದಿ ಬಂದರೆ ನಿಲ್ಲಿಸಬೇಕೆಂದು ಕೈಗೆ ವರ್ಷಗಳ ಅಭ್ಯಾಸ; ಆದಿ ಅಂತ್ಯವಿಲ್ಲದ ನಾಬಿಗೆ ತುದಿ ಎಲ್ಲಿಂದ ಬರಬೇಕು! ಅರ್ಧರ್ಧ ಡೆಸಿಬಲ್ಲಿನ ಅರ್ಜಿಗಳನ್ನು ಬರೆಯುತ್ತಾ ಕೂತಂತಾಯಿತು. ಅಷ್ಟರಲ್ಲಿ ಬೆಚ್ಚಿಬಿದ್ದ ಅನಸೂಯಾ ಗಾರು ಸೋಫಾಕ್ಕೆ ಒತ್ತಿ ಕೂತಿದ್ದರಿಂದ ಕೆಳಗಿದ್ದ ರಿಮೋಟಿನಲ್ಲಿ ವಾಲ್ಯೂಮ್ ಏರಿಸುವ ಗುಂಡಿಯೇ ಅದುಮಿಕೊಂಡಿತು. ನಾನು ಇಳಿಸಿದಷ್ಟೂ ಅವರು ಕೂತಲ್ಲಿಂದಲೇ ಏರಿಸುತ್ತಿದ್ದರು.

ರಿಮೋಟಿನ ಬಾಲ ಸೀರೆಯ ಅಂಚಿನಲ್ಲಿ ಕಾಣುತ್ತಿತ್ತು. ನನ್ನ ಮಾತು ನನಗೇ ಕೇಳಿಸುವ ಹಾಗಿರಲಿಲ್ಲ. ದಯವಿಟ್ಟು ಸ್ವಲ್ಪ ಏಳಿ ಎಂದು ಎರಡೂ ಕೈ ಮೇಲೆತ್ತಿ ಸನ್ನೆ ಮಾಡಿದೆ. ಸರಿಯಾಗಿ ಆಗಲೇ ಧಾರಾವಾಹಿಯ ಅತ್ತೆ ಮತ್ತೊಮ್ಮೆ, "ಎದ್ದು ನಡಿ ಈ ಮನೆಯಿಂದ!" ಎಂದು ಅಬ್ಬರಿಸಬೇಕೇ! ಮನೆಯ ಯಜಮಾನತಿಯನ್ನೇ ಮನೆಯಿಂದ ಎಬ್ಬಿಸಿದ ಮೊದಲ ಬಾಡಿಗೆದಾರ ನಾನೇ ಇರಬೇಕು.

ಮೇಧಾ ಬಂದು ಗೋಡೆಯಿಂದ ಪ್ಲಗ್ಗನ್ನೇ ಕಿತ್ತಳು.

ಆ ನಿಶ್ಶಬ್ದದಲ್ಲಿ ಎದುರು ಮನೆಯ ಲಕ್ಷ್ಮೀಪ್ರಸನ್ನ ಗಾರು ಆ ಗದರಿಕೆ ಅವ್ವನದೇ ಎಂದುಕೊಂಡು ಬಾಲ್ಕನಿಯಿಂದ, ಪಾಪ, ಸೊಸೆಯನ್ನು ಹೊರಗೆ ಹಾಕಬೇಡಿ, ಏನಿದ್ದರೂ ಕೂತು ಮಾತಾಡೋಣ ಎಂದು ನಮ್ಮವ್ವನಿಗೆ ತೆಲುಗಿನಲ್ಲಿ ಬುದ್ಧಿ ಹೇಳುತ್ತಿರುವುದು ಕೇಳಿಸಿತು. ಅವ್ವ ಅದೊಂದೂ ತಿಳಿಯದೆ ನಾಬನ್ನೇ ದಿಟ್ಟಿಸುತ್ತಿದ್ದಳು.

"ಬೊಟ್ಟು ಜಾಗದಾಗೇ ಇತ್ತಲ್ಲಪ್ಪ. ಹಳೇದು ಪೂರ್ತಿ ತಿರುಗ್ತಿರಲಿಲ್ಲ, ಮುಂದೆ ಮಾತ್ರ ಒರೆಸ್ತಿದ್ದೆ. ಇದು ನುಣ್ಣಗೆ ತಿರುಗ್ತೈತೆ ಅಂತ ಮೂರು ಸುತ್ತು ತಿರುಗಿಸಿ ಒರೆಸಿದೆ. ಮತ್ತೆ ಬೊಟ್ಟನ್ನ ಮೇಲಕ್ಕೇ ತಂದು ನಿಲ್ಲಿಸೀನಿ."

ಅವ್ವನ ಒಂದೊಂದು ಸುತ್ತನ್ನೂ ಯಂತ್ರ ಏರಿಸು ಎಂಬ ಅರ್ಜಿಯೆಂದೇ ಎಣಿಸಿತ್ತು, ಬೊಟ್ಟು ಮಾತ್ರ ಸುತ್ತಿ ಬಂದು ನೆತ್ತಿಯ ಮೇಲೇ ಕೂತಿತ್ತು. ಅಂಕಿಯ ದೀಪ ಆರಿಸಿದವನು ನಾನು, ಬೊಟ್ಟು ನೋಡಿ ಸ್ವಿಚ್ಚು ಒತ್ತಿದವನೂ ನಾನೇ. ಮನೆ ಹೋಯಿತು ಎಂದುಕೊಂಡೆ. ಮೇಧಾಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ, ಆ ಡಬ್ಬವನ್ನು ನಾನೇ ಹೊತ್ತು ಸಮುದ್ರಕ್ಕೆ ಹಾಕಿಬರುವ ಮನಸ್ಸಾಯಿತು.

ಅನಸೂಯಾ ಗಾರು ನೀರು ಕುಡಿದು ಸುಧಾರಿಸಿಕೊಂಡರು. ಅಗ್ರಿಮೆಂಟಿನ ಮಾತೇ ಎತ್ತಲಿಲ್ಲ. ಪ್ಲಗ್ ಕಿತ್ತ ಮೇಧಾಳ ಕೈ ಹಿಡಿದುಕೊಂಡು, ಆ ಹುಡುಗಿ ಕೊನೆಗೆ ಮನೆ ಬಿಟ್ಟು ಹೋದಳಾ, ಇದ್ದಾಳಾ ಎಂದು ಕೇಳಿದರು.

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊಮ್ಮಗಳ ಕೋಚಿಂಗ್ ಶುರುವಾದ ಮೇಲೆ ಅವರ ಮನೆಯ ಟೀವಿ ಬಂದ್ ಆಗಿತ್ತು. ಅಂದಿನಿಂದ ದಿನಾ ಸಂಜೆ ಅವರು ನಮ್ಮ ನಡುಮನೆಯ ಸರಿಯಾಗಿ ಕೆಳಗೆ ಕುರ್ಚಿ ಹಾಕಿಕೊಂಡು, ಗೋಂಗೂರ ಸೊಪ್ಪು ಬಿಡಿಸುತ್ತಾ, ಚಾವಣಿಯಿಂದ ಇಳಿದುಬರುವ ಅವ್ವನ ಧಾರಾವಾಹಿ ಕೇಳುತ್ತಿದ್ದರಂತೆ. ಕನ್ನಡ ಬಾರದು, ಆದರೆ ಅಳು ಯಾರದು, ಗದರಿಕೆ ಯಾರದು ಎಂದು ತಿಳಿಯಲು ಭಾಷೆ ಯಾಕೆ? ಸೊಸೆಯನ್ನು ಹೊರಗೆ ಹಾಕುವ ಹಂತಕ್ಕೆ ಕಥೆ ಬಂದಾಗ ಸರಿಯಾಗಿ ನನ್ನ ಡಿಜಿಟಲ್ ಯಂತ್ರ ಬಂದು ಸದ್ದೇ ನಿಂತುಹೋಯಿತು. ಅಂದಿನಿಂದ ಅವರಿಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಗ್ರಿಮೆಂಟ್ ಬರೀ ನೆಪ.

ಸೊಸೆ ಇನ್ನೂ ಇದ್ದಾಳೆ ಎಂದು ಅವ್ವ ಭರವಸೆ ಕೊಟ್ಟಳು. ಅನಸೂಯಾ ಗಾರು ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. "ಪಾತದಿ ಉಂದಾ?"

ಹಳೆಯದು ಇತ್ತು. ಅಟ್ಟ ಹತ್ತಿ ಇಳಿಸಿದೆ. ಕರಕರ ಎಂದು ತಿರುಗಿ ಎರಡು ಬೊಟ್ಟುಗಳು ಎದುರುಬದುರಾದವು. ಅವರು ಕೆಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಪರೀಕ್ಷಿಸಿ, ಸರಿಹೋಯಿತು ಎಂದು ಅಲ್ಲಿಂದಲೇ ಕೂಗಿದರು. ಹೊಸದು ಈಗ ಮಲಗುವ ಕೋಣೆಯಲ್ಲಿದೆ. ಚೆನ್ನಾಗಿ ಬೆಚ್ಚಗಾಗುವುದರಿಂದ ಅವ್ವ ಅದರ ಮೇಲೆ ಹಾಲಿಗೆ ಹೆಪ್ಪು ಹಾಕಿಡುತ್ತಾಳೆ.

ಮುಂದಿನ ವಾರ ಅಕ್ಷಯಾ ಹೊಸ ಅಗ್ರಿಮೆಂಟ್ ತಂದು ನಮಗೆ ಓದಿ ಹೇಳಿದಳು. ಬಾಡಿಗೆದಾರರು: ಮೇಧಾ. ಸಾಕ್ಷಿ: ಗಿರಿಜಮ್ಮ. ಷರತ್ತು: ಸಂಜೆಯ ಸದ್ದು ಬೊಟ್ಟಿಗಿಂತ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ನನ್ನ ಹೆಸರು ಎಲ್ಲೂ ಇಲ್ಲವೇ ಎಂದು ಕೇಳಿದೆ. ಅಕ್ಷಯಾ ಹಾಳೆ ತಿರುಗಿಸಿದಳು. ಇತ್ತು, ದಪ್ಪ ಅಕ್ಷರದಲ್ಲಿ: ನಾಬ್ ಮುಟ್ಟಕೂಡದವರು, ನಂದೀಶ್.

ಮೇಧಾ ಪೆನ್ನು ಕೊಟ್ಟಳು. ಎಲ್ಲಿ ಸಹಿ ಮಾಡಲಿ ಎಂದು ನಾನು ಹಾಳೆಯ ಮೇಲೆ ಪೆನ್ನನ್ನು ಅತ್ತಿತ್ತ ಆಡಿಸುತ್ತಿದ್ದೆ. ಅವ್ವ ಹಣೆಬೊಟ್ಟಿನ ಹಾಳೆಯಿಂದ ಒಂದು ಬೊಟ್ಟು ಕಿತ್ತು ನನ್ನ ಹೆಸರಿನ ಪಕ್ಕದಲ್ಲಿ ಅಂಟಿಸಿದಳು.

"ಇಲ್ಲಿ ಮಾಡಪ್ಪ. ಇದನ್ನ ದಾಟಬ್ಯಾಡ."