ಒಂದು ಬುಟ್ಟಿ ಇದ್ದಿಲು, ಒಂದು ಬದನೇಕಾಯಿ

ಭಾನುವಾರ, ಸಂಜೆ ಐದು ಗಂಟೆ. ಸ್ಥಳ, ಯಲ್ಲಾಪುರದ ನಮ್ಮ ಮನೆಯ ಹಿತ್ತಿಲು. ಹಾಜರಿದ್ದವರು: ನಾನು, ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತ ನನ್ನ ಹೆಂಡತಿ ಭಾಗೀರಥಿ, ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದ ಪಕ್ಕದ ಮನೆಯ ಫಕ್ಕೀರಪ್ಪ. ಅರಣ್ಯ ಇಲಾಖೆಯಲ್ಲಿ ಮಹಜರು ಬರೆದು ಬರೆದು ಸವೆದ ಕೈ ನನ್ನದು. ನಿವೃತ್ತನಾದ ಮೇಲೂ ಏನು ಹೇಳಹೊರಟರೂ ದಿನ, ವೇಳೆ, ಹಾಜರಿದ್ದವರು ಎಂದೇ ಬಾಯಿಗೆ ಬರುತ್ತದೆ. ಮದುವೆಗೆ ಹೋಗಿ ಬಂದವನನ್ನು ಊಟ ಹೇಗಿತ್ತೆಂದು ಕೇಳಿದರೆ, ಪಂಕ್ತಿ ಎಷ್ಟು ಗಂಟೆಗೆ ಕುಳಿತಿತು ಎಂಬಲ್ಲಿಂದ ಶುರುಮಾಡುತ್ತೇನೆಂದು ಭಾಗೀರಥಿಯ ದೂರು.

ಬೆಂಕಿಯ ವಿಷಯದಲ್ಲಿ ನಾನು ತಜ್ಞನೆಂದೇ ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಬೇಸಿಗೆ ಬಂತೆಂದರೆ ಮಾಗೋಡಿನ ಕಡೆಯ ಕಾಡಿನಲ್ಲಿ ಹಗಲೂ ರಾತ್ರಿ ಕಾವಲು. ಎಲ್ಲಾದರೂ ಹೊಗೆ ಕಂಡರೆ ಓಡಬೇಕು, ಹಸಿ ಸೊಪ್ಪಿನ ಟೊಂಗೆಯಿಂದ ಬಡಿದು ಆರಿಸಬೇಕು. ಅದಕ್ಕೂ ಮೊದಲೇ ಬೆಂಕಿ ರೇಖೆ ಮಾಡಿಡಬೇಕು. ಅಂದರೆ ಕಾಡಿನ ನಡುವೆ ಅಗಲವಾದ ಪಟ್ಟಿಯೊಂದನ್ನು ಸವರಿ, ಒಂದು ತರಗೆಲೆಯೂ ಉಳಿಯದಂತೆ ಗುಡಿಸುವುದು. ಓಡಿ ಬಂದ ಬೆಂಕಿ ಅಲ್ಲಿ ಹಿಡಿಯಲು ಏನೂ ಸಿಗದೆ ನಿಲ್ಲಬೇಕು. ಎಲ್ಲೋ ಎಸೆದ ಬೀಡಿಯ ತುಂಡಿನಿಂದ ಗುಡ್ಡ ಹೊತ್ತಿದ್ದನ್ನು ನೋಡಿದವನಿಗೆ, ಬೆಂಕಿ ಎಂದರೆ ಹೊತ್ತಲು ಸದಾ ತುದಿಗಾಲಿನಲ್ಲಿ ನಿಂತಿರುವ ಪ್ರಾಣಿ ಎಂಬ ನಂಬಿಕೆ. ಆ ಪ್ರಾಣಿಯನ್ನು ಕರೆದರೂ ಬರುವುದಿಲ್ಲ ಎಂಬುದು ಈ ಭಾನುವಾರ ತಿಳಿಯಿತು.

ಕರೆಯುವ ಪ್ರಸಂಗ ಬಂದದ್ದು ಭಾಗೀರಥಿಯಿಂದ. ಜ್ವರ ಬಿಟ್ಟಿತ್ತು, ಆದರೆ ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಎತ್ತಿಕೊಂಡು ಹೋಗಿತ್ತು. ಉಪ್ಪು, ಹುಳಿ, ಖಾರ ಒಂದೂ ತಿಳಿಯದು. ಗಂಜಿ, ಸಾರು, ಹಣ್ಣು, ಮಗಳು ಹುಬ್ಬಳ್ಳಿಯಿಂದ ಕಳಿಸಿದ ಪೇಡೆ, ಎಲ್ಲದಕ್ಕೂ ಅವಳದು ಒಂದೇ ಮಾತು: "ಹುಲ್ಲು ತಿಂದ ಹಾಂಗೆ." ಎರಡು ತುತ್ತಿಗೆ ತಟ್ಟೆ ದೂಡುತ್ತಿದ್ದಳು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದಿದ್ದಳು. ವೈದ್ಯರು ಬರುತ್ತದೆ, ಬರುತ್ತದೆ ಎನ್ನುತ್ತಿದ್ದರೇ ಹೊರತು ಯಾವಾಗ ಎನ್ನಲಿಲ್ಲ. ಅಡುಗೆಮನೆಯಲ್ಲಿ ಗದರುವವರಿಲ್ಲದ ಮನೆ ನನಗೆ ಹೆದರಿಕೆ ಹುಟ್ಟಿಸಿತ್ತು.

ಆ ಮಧ್ಯಾಹ್ನ ಅವಳೇ ಹೇಳಿದಳು, "ಕೆಂಡದಲ್ಲಿ ಸುಟ್ಟ ಬದನೇಕಾಯಿ ಬಜ್ಜಿ ಇದ್ದಿದ್ರೆ ಒಂದು ತುತ್ತು ಹೋಗ್ತಿತ್ತೇನ."

"ಗ್ಯಾಸಿನ ಮೇಲೆ ಸುಡ್ತೆ, ತಗ" ಎಂದು ಎದ್ದೆ.

"ಬ್ಯಾಡ. ಅದು ಸುಟ್ಟಿದ್ದಲ್ಲ, ಕರಟಿದ್ದು."

ನಮ್ಮದು ಪೇಟೆಯ ಮನೆ. ಅಡುಗೆಗೆ ಗ್ಯಾಸು, ಸ್ನಾನಕ್ಕೆ ಮಾಡಿನ ಮೇಲಿನ ಸೋಲಾರು. ಕೆಂಡ ಎಲ್ಲಿಂದ ತರುವುದು? ಆಗ ನೆನಪಾದದ್ದು ಅಳಿಯ ರಜೆಯಲ್ಲಿ ಬಂದಾಗ ತಂದು ಇಲ್ಲೇ ಬಿಟ್ಟುಹೋದ ಗ್ರಿಲ್ಲು. ಮೂರು ಕಾಲಿನ, ಮುಚ್ಚಳವಿರುವ ದುಂಡು ಕಬ್ಬಿಣದ ಒಲೆ, ಜೊತೆಗೆ ಒಡೆಯದ ಒಂದು ಚೀಲ ಇದ್ದಿಲು. ಒಂದು ಬುಟ್ಟಿಯಷ್ಟು ಇದ್ದಿಲನ್ನು ಒಲೆಗೆ ಹಾಕಿದೆ. ಸುಮ್ಮನೆ ಸುರಿಯಲಿಲ್ಲ. ನನ್ನ ಕೈಗೆ ಅಡ್ಡಾದಿಡ್ಡಿ ಎಂಬುದು ಆಗುವುದೇ ಇಲ್ಲ. ತುಂಡುಗಳನ್ನು ಗಾತ್ರ ನೋಡಿ ಸಾಲುಸಾಲಾಗಿ ಜೋಡಿಸಿದೆ.

ಮೊದಲು ಹಳೆಯ ಪತ್ರಿಕೆ. ಜ್ವಾಲೆ ನನ್ನ ಎದೆಯೆತ್ತರ ಎದ್ದಿತು. ಸುಟ್ಟ ಹಾಳೆಗಳು ಹಾರಿ ಫಕ್ಕೀರಪ್ಪನ ಒಣಹಾಕಿದ ಅಂಗಿಯ ಮೇಲೆ ಕುಳಿತವು. ಇದ್ದಿಲು ಮಾತ್ರ ಇದ್ದಷ್ಟೇ ಕಪ್ಪಾಗಿತ್ತು. ಆಮೇಲೆ ದೇವರ ಕೋಣೆಯಿಂದ ಕರ್ಪೂರ ತಂದೆ. ಎಷ್ಟು ಚೆಂದ ಉರಿಯಿತೆಂದರೆ ಅರಿವಿಲ್ಲದೆ ಎರಡೂ ಕೈ ಚಾಚಿ ಕಣ್ಣಿಗೊತ್ತಿಕೊಂಡೆ. ಮಂಗಳಾರತಿ ಮುಗಿಯಿತು, ಇದ್ದಿಲು ಪ್ರಸನ್ನವಾಗಲಿಲ್ಲ. ತೆಂಗಿನ ಕರಟ ಹಚ್ಚಿದೆ. ಅದರ ಪಕ್ಕದ ಒಂದು ತುಂಡಿನ ಅಂಚು ಕೆಂಪಾಯಿತು. ಕರಟ ಮುಗಿದದ್ದೇ ಅದೂ ತೆಪ್ಪಗಾಯಿತು.

ಫಕ್ಕೀರಪ್ಪನಿಗೆ ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಅಂಗಡಿ. ಹಾವೇರಿ ಕಡೆಯವನು, ಸಲಹೆ ಕೊಡುವುದರಲ್ಲಿ ಧಾರಾಳಿ. "ಸರ್, ಒಂದೀಟು ಡೀಜಲ್ ಹಾಕ್ರಿ. ಭಗ್ ಅಂತ ಹತ್ತತೈತಿ."

"ಬಜ್ಜಿ ಲಾರಿ ವಾಸನೆ ಬರ್ತದಲ್ಲೋ!"

"ಹಂಗಾರ ಗಾಳಿ ಹೊಡೀತೀನಿ, ತಡೀರಿ" ಎಂದು ಕಾಲಿನಲ್ಲಿ ಒತ್ತುವ ಪಂಪು ಹಿಡಿದು ಈಚೆಗೇ ಬಂದ. ಅವನು ಹೊಡೆದ ಗಾಳಿಗೆ ಪತ್ರಿಕೆ, ಕರಟಗಳ ಬೂದಿಯೆಲ್ಲ ಎದ್ದು ನಮ್ಮಿಬ್ಬರ ಮೇಲೆ ಬಿತ್ತು. ಮೀಸೆಯಿಂದ ಹುಬ್ಬಿನವರೆಗೆ ಬೆಳ್ಳಗಾದ ನಮ್ಮನ್ನು ನೋಡಿ ಭಾಗೀರಥಿ ಮೆಲ್ಲಗೆ ಎದ್ದು ಬಂದಳು. ಒಲೆಯೊಳಗೆ ಬಗ್ಗಿ ನೋಡಿದಳು.

"ಇದೆಂತದು? ಒಂದೊಂದು ತುಂಡೂ ಹಿಂಗೆ ದೂರ ದೂರ ಎಂತಕ್ಕೆ ಇಟ್ಟಿದ್ರಿ? ಅವಕ್ಕೆ ಜಗಳವಾ?"

ನೋಡಿದೆ. ಎರಡು ತುಂಡುಗಳ ನಡುವೆ ಎರಡು ಬೆರಳಿನ ಜಾಗ. ಎರಡು ಸಾಲುಗಳ ನಡುವೆ ಅಂಗೈ ಅಗಲದ ಪಟ್ಟಿ, ಅದರಲ್ಲಿ ಒಂದು ಚೂರೂ ಇಲ್ಲದಂತೆ ಗುಡಿಸಿದ್ದೆ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹರಡಬಾರದು. ಗ್ರಿಲ್ಲಿನೊಳಗೆ ನಾನು ಬೆಂಕಿ ರೇಖೆ ಮಾಡಿಟ್ಟಿದ್ದೆ! ಇಲಾಖೆಯ ಯಾವ ಸಾಹೇಬರು ಬಂದು ತಪಾಸಣೆ ಮಾಡಿದ್ದರೂ ಬೆನ್ನು ತಟ್ಟಿ ಹೋಗುತ್ತಿದ್ದರು.

"ಎಲ್ಲ ಒಟ್ಟಿಗೆ ರಾಶಿ ಮಾಡಿ. ಒಂದಕ್ಕೊಂದು ತಾಗ್ಲಿ" ಎಂದಳು ಭಾಗೀರಥಿ. ಫಕ್ಕೀರಪ್ಪ ಮುಖ ತಿರುಗಿಸಿ ಕೆಮ್ಮಿದ. ಅದು ಕೆಮ್ಮಲ್ಲವೆಂದು ನನಗೆ ಗೊತ್ತು.

ಅಡಿಯಲ್ಲಿ ಉರಿಯುವ ಕರಟಗಳು, ಮೇಲೆ ಗೋಪುರದಂತೆ ಇದ್ದಿಲು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು. ಸಂದಿಯಲ್ಲೊಂದು ಕೆಂಪು ಚುಕ್ಕೆ ಹುಟ್ಟಿತು. ಅದು ಪಕ್ಕದ ತುಂಡಿಗೆ ದಾಟಿತು, ಅಲ್ಲಿಂದ ಮೇಲಿನದಕ್ಕೆ. ಹೊಗೆಯಿಲ್ಲ, ಜ್ವಾಲೆಯಿಲ್ಲ, ಆರ್ಭಟವಿಲ್ಲ. ಕಪ್ಪು ರಾಶಿ ಒಳಗಿನಿಂದಲೇ ಬೆಳಗುತ್ತ ಬಂತು. ಗಾಳಿ ಸುಳಿದಾಗ ಕೆಂಪು ಹೊಂಬಣ್ಣವಾಗುತ್ತಿತ್ತು, ನಿಂತಾಗ ಮತ್ತೆ ಕೆಂಪು, ಮಲಗಿದ ಮಗು ಉಸಿರಾಡಿದಂತೆ. ನಾನು ಬೆಂಕಿಯನ್ನು ಕಂಡದ್ದೆಲ್ಲ ಓಡುತ್ತ, ಕಿರುಚುತ್ತ, ಕಣ್ಣುಜ್ಜಿಕೊಳ್ಳುತ್ತ. ಎದುರು ನಿಂತು ಅದರ ಮುಖ ನೋಡಿದ್ದು ಇದೇ ಮೊದಲು. ಯಾವ ಕಾಡಿನ ಯಾವ ಮರವೋ, ಎಷ್ಟು ಮಳೆಗಾಲದ ನೀರು ಕುಡಿದು, ಎಷ್ಟು ಬೇಸಿಗೆಯ ಬಿಸಿಲು ಹೀರಿ ಇಟ್ಟುಕೊಂಡಿತ್ತೋ, ಅದೆಲ್ಲ ಈಗ ನಮ್ಮ ಹಿತ್ತಿಲಿನಲ್ಲಿ ಸದ್ದಿಲ್ಲದೆ ಹೊರಗೆ ಬರುತ್ತಿತ್ತು. ಫಕ್ಕೀರಪ್ಪ ಕೂಡ ಪಂಪು ಕೆಳಗಿಟ್ಟು, "ಬಂಗಾರ ಕಾಸಿದಂಗ ಕಾಣತೈತಲ್ರಿ" ಎಂದು ಮೆಲುದನಿಯಲ್ಲಿ ಹೇಳಿದ.

"ನೋಡಿದ್ದು ಸಾಕು, ಬದನೇಕಾಯಿ ಇಡಿ" ಎಂಬ ದನಿ ಬಂದಾಗಲೇ ನನಗೆ ಎಚ್ಚರ.

ಎಣ್ಣೆ ಸವರಿದ ಬದನೇಕಾಯಿ ಕೆಂಡದ ಮೇಲೆ ಕುಳಿತು ಸುಂಯ್ ಎಂದಿತು. ಸಿಪ್ಪೆ ಬಿರಿಯಿತು, ಮೈ ಕುಸಿಯಿತು, ಹಿತ್ತಿಲು ತುಂಬ ಪರಿಮಳ. ಕುರ್ಚಿಯಿಂದ ಅಪ್ಪಣೆಗಳು ಬರುತ್ತಿದ್ದವು: ತಿರುಗಿಸಿ, ಆ ಕಡೆ ಬೆಂದಿದ್ದಿಲ್ಲೆ, ಸಿಪ್ಪೆ ತೆಗೆದು ಹಿಸುಕಿ, ಹಸಿಮೆಣಸು ನುರಿದು ಹಾಕಿ, ಮೊಸರು, ಒಗ್ಗರಣೆ. ಹೇಳಿದ ಕ್ರಮದಲ್ಲಿ ಹೇಳಿದ್ದನ್ನೆಲ್ಲ ಮಾಡಿದೆ. ಬಿಸಿ ಅನ್ನದ ಜೊತೆ ಬಡಿಸಿ, ಅವಳ ಮುಖವನ್ನೇ ನೋಡುತ್ತ ನಿಂತೆ.

ಮೊದಲ ತುತ್ತು. ನುಂಗಿದಳು. ಎರಡನೆಯ ತುತ್ತು. ಅಗಿಯುವುದನ್ನು ನಿಲ್ಲಿಸಿದಳು. ತಟ್ಟೆ ದೂಡುತ್ತಾಳೆ ಎಂದುಕೊಂಡೆ. ಹುಬ್ಬು ಗಂಟಿಕ್ಕಿ ನನ್ನತ್ತ ತಿರುಗಿದಳು.

"ಇದಕ್ಕೆ ಉಪ್ಪೇ ಇಲ್ಲೆ!"

"ನೀನು ಉಪ್ಪು ಹಾಕು ಹೇಳಿದ್ದೇ ಇಲ್ಲೆ" ಎಂದು ವಾದಕ್ಕೆ ಬಾಯಿ ತೆರೆದವನು ಹಾಗೇ ನಿಂತೆ. ಅವಳೂ ನನ್ನನ್ನೇ ನೋಡಿದಳು. ಫಕ್ಕೀರಪ್ಪನೊಬ್ಬನಿಗೆ, ಉಪ್ಪು ಮರೆತ ಗಂಡಸು ಹಲ್ಲು ಕಿರಿಯುತ್ತ ಅಡುಗೆಮನೆಗೆ ಓಡಿದ್ದು ಯಾಕೆಂದು ತಿಳಿಯಲಿಲ್ಲ. ಡಬ್ಬಿಯನ್ನೇ ತಂದು ಧಾರಾಳವಾಗಿ ಉದುರಿಸಿದೆ.

"ಸಾಕು, ಸಾಕು! ಈಗ ಉಪ್ಪಿನಕಾಯಿ ಆತು ಇದು. ಒಂದು ಕೆಲಸ ಸರಿ ಮಾಡೂಲೆ ಬತ್ತಿಲ್ಲೆ ನಿಂಗಕ್ಕೆ" ಎಂದು ಗದರಿದಳು. ಗದರುತ್ತಲೇ ತಟ್ಟೆ ಖಾಲಿ ಮಾಡಿ, ಇನ್ನಷ್ಟು ಅನ್ನ ಕೇಳಿದಳು.

ಅಂದಿನ ಕೊನೆಯ ಕೆಲಸ ಕೆಂಡ ಆರಿಸುವುದು. ಬೆಂಕಿಯನ್ನು ಹಾಗೇ ಬಿಟ್ಟು ಒಳಗೆ ಹೋಗಿ ನನಗೆ ರೂಢಿಯಿಲ್ಲ. ಆದರೂ ಬಕೆಟ್ ಎತ್ತಿದ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ನೀರು ಸುರಿದೆ, ಕೋಲಿನಿಂದ ಕೆದಕಿದೆ, ಅಂಗೈ ಹಿಡಿದು ಕಾವು ಪರೀಕ್ಷಿಸಿದೆ. ಇಡೀ ಸಂಜೆಯಲ್ಲಿ ಯಾರ ಸಲಹೆಯೂ ಇಲ್ಲದೆ, ಮೊದಲ ಸಲಕ್ಕೇ ನನ್ನಿಂದ ಸರಿಯಾಗಿ ಆದ ಕೆಲಸ ಅದೊಂದೇ.